ಉಸಿರಾಡದ ಚಿತ್ರ

ಹೊಳೆ ದಂಡೇಲಿ ಒಂದು ಆಶ್ರಮ. ಅದರ ಹಿಂದೆ ದನದ ಕೊಟ್ಟಿಗೆ. ಅಲ್ಲಿ ಮುದ್ದಯ್ಯ ಅಂತ ಒಬ್ರು ಗುರುಗಳಿದ್ರು, ಎಲ್ರೂ ಅಯ್ಯನೋರು ಅನ್ನೋರು. ಮೊದ್ಲು ದನದ ಡಾಕ್ಟ್ರು, ಆಮೇಲೆ ಸನ್ಯಾಸಿ. ಬಟ್ಟೆ ಬಣ್ಣ ಬದಲಾಗಿತ್ತು, ಕೆಲಸ ಅದೇ.

ಪಾಲಾಕ್ಷ ಅಲ್ಲಿಗೆ ಬಂದಿದ್ದು ಬ್ರಹ್ಮಜ್ಞಾನ ಕಲಿಯೋಕೆ. ಅಯ್ಯನೋರು ಅವನಿಗೆ ಭುಜದವರೆಗೂ ಬರೋ ಗ್ಲೌಸ್ ಕೊಟ್ಟು, ಒಂದು ಹಸುವಿನ ಬಾಲ ಎತ್ತಿ ಹಿಡಿದ್ರು.

"ಒಳಗೆ ನೋಡು ಅಂತ ಎಲ್ಲಾ ಶಾಸ್ತ್ರನೂ ಹೇಳುತ್ತೆ," ಅಂದ್ರು. "ನೋಡು."

ಪಾಲಾಕ್ಷ ಕಲಿತ. ಸ್ಕ್ಯಾನ್ ಮಷೀನಿನ ವೈರಿನ ತುದೀಲಿರೋ ಪ್ರೋಬನ್ನ ಮುಷ್ಟೀಲಿ ಹಿಡಿದು, ಸೆಗಣಿ ದಾರೀಲಿ ಕೈ ಹಾಕಿ, ಅಂಡಾಶಯದ ಮೇಲೆ ಇಟ್ಟರೆ ಸ್ಕ್ರೀನಲ್ಲಿ ಚಿತ್ರ ಬರುತ್ತೆ. ಬಿಸಿಲಿದ್ರೆ ಸ್ಕ್ರೀನ್ ಕಾಣಲ್ಲ. ಅದಕ್ಕೇ ಹಾಡಹಗಲಲ್ಲೂ ಬಾಗಿಲಿಗೆ ಗೋಣಿ ಇಳಿಬಿಡೋರು. ಆ ಕತ್ತಲಲ್ಲಿ ಕಪ್ಪು ಗುಳ್ಳೆಗಳು ಕಾಣೋವು. ಒಂದೊಂದರೊಳಗೂ ಒಂದು ಮೊಟ್ಟೆ. ದಿನಾ ನೋಡ್ತಾ ಹೋದ್ರೆ ಒಂದು ಗುಳ್ಳೆ ಬೆಳೆಯುತ್ತೆ, ಮಿಕ್ಕವು ಕರಗ್ತವೆ. ಬೆಳೆದಿದ್ದು ಒಡೆಯೋ ಹೊತ್ತಿಗೆ ಹಸು ಬೆದೆಗೆ ಬಂದಿರುತ್ತೆ.

ಚಂದ್ರಿ ಅನ್ನೋ ಹಸು ಎರಡು ವರ್ಷದಿಂದ ಗಬ್ಬ ಆಗಿರಲಿಲ್ಲ. ಆಶ್ರಮದ ಮ್ಯಾನೇಜರ್ ಕೊಟ್ರಯ್ಯ ಇಂಥವನ್ನೆಲ್ಲ ಲಾರಿ ಹತ್ತಿಸಿ ಕಳಿಸ್ತಿದ್ದ. ಲಾರಿ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳ್ತಿರಲಿಲ್ಲ. ವಾಪಸ್ ಬಂದು ಹೇಳಿದ ಹಸುನೂ ಇರಲಿಲ್ಲ.

ಅಯ್ಯನೋರು ಮೂರು ದಿನ ಟೈಮ್ ಕೇಳಿದ್ರು. ಪಾಲಾಕ್ಷ ನೋಡ್ತಾನೆ, ಅವನು ಹೇಳಿದ್ದೇ ಕೊನೆ, ನಾನು ಕೈ ಹಾಕಲ್ಲ ಅಂದ್ರು.

ಪಾಲಾಕ್ಷನಿಗೆ ಕೊಂಬು ಬಂತು. ನೋಡೋಕೆ ಶುರು ಮಾಡೋ ಹಿಂದಿನ ದಿನವೇ ಮಷೀನಲ್ಲಿದ್ದ ಹಳೇ ಚಿತ್ರಗಳನ್ನ ತೆಗೆದು, ಸತ್ತ ಅಂಡಾಶಯ ಹೇಗಿರುತ್ತೆ ಅಂತ ಓದ್ಕೊಂಡ. ಊಟದ ಗಂಟೆ ಬಾರಿಸಿದ್ರು, ಮಷೀನಿನ ಮುಚ್ಚಳ ಮುಚ್ಚಿ ಹೋದ.

ಮೊದಲನೇ ದಿನ ಚಂದ್ರಿಯೊಳಗೆ ಕೈ ಹಾಕಿ ನೋಡಿದ. ಒಂದೂ ಗುಳ್ಳೆ ಇಲ್ಲ. ಬರೀ ಬೂದಿ ಬಣ್ಣ.

ಎರಡನೇ ದಿನನೂ ಬೂದಿ. ನಿನ್ನೆ ಇದ್ದ ಗೆರೆ ಇವತ್ತೂ ಅಲ್ಲೇ ಇದೆ, ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಅಂತ ಹೆಮ್ಮೆಯಿಂದ ವರದಿ ಒಪ್ಪಿಸಿದ.

"ಒಂಚೂರೂ ಅಲುಗಾಡ್ಲಿಲ್ವಾ?" ಅಂದ್ರು ಅಯ್ಯನೋರು.

"ಒಂಚೂರೂ ಇಲ್ಲ ಅಯ್ಯಾ."

ಅಯ್ಯನೋರು ಚಂದ್ರಿಯ ಬೆನ್ನು ಸವರಿದ್ರು.

ಮೂರನೇ ದಿನ ಬೆರಳಿಗೆ ಏನೋ ಮೆತ್ತಗೆ ದುಂಡಗೆ ತಗುಲಿತು. ಸ್ಕ್ರೀನಲ್ಲಿ ಇರಲಿಲ್ಲ. ಬೆರಳಿಗೇನು ಕಣ್ಣಿದೆಯಾ ಅಂದ್ಕೊಂಡು, ಗೊಡ್ಡು ಅಂತ ಹೇಳಿಬಿಟ್ಟ. ಕೊಟ್ರಯ್ಯ ಹಗ್ಗ ಬಿಚ್ಚಿ ಚಂದ್ರಿನ ಹೊರಗೆ ಹೊಡ್ಕೊಂಡು ಹೋದ. ಗೋಣಿ ಮತ್ತೆ ಇಳೀತು.

ಪಾಲಾಕ್ಷ ಗ್ಲೌಸ್ ಕಿತ್ತು, ಪ್ರೋಬನ್ನ ಬಕೆಟ್ ನೀರಿಗೆ ಹಾಕಿ, ಇಷ್ಟು ದಿನ ಬರೀ ಮುಚ್ಚಳ ಮುಚ್ಚಿಡ್ತಿದ್ದ ಮಷೀನನ್ನ ಆಫ್ ಮಾಡೋಕೆ ತಿರುಗಿದ.

ಸ್ಕ್ರೀನಲ್ಲಿ ಅಂಡಾಶಯ ಹಾಗೇ ಇತ್ತು.

ಕೊಟ್ಟಿಗೇಲಿ ಒಂದು ಹಸುನೂ ಇಲ್ಲ. ಮಿಕ್ಕವೆಲ್ಲ ಮೇಯೋಕೆ ಹೋಗಿದ್ವು. ಸುತ್ತ ಹೊಟ್ಟೆ ಇಲ್ಲದ, ಮೈ ಇಲ್ಲದ ಅಂಡಾಶಯ, ಕತ್ತಲಲ್ಲಿ ಒಂದೇ ತೇಲ್ತಿತ್ತು. ಅವನು ಪ್ರೋಬನ್ನ ನೀರಿಂದ ಎತ್ತಿದ. ಅದು ಹೋಗ್ಲಿಲ್ಲ. ಗಾಳೀಲಿ ಆಡಿಸಿದ. ಹೋಗ್ಲಿಲ್ಲ.

"ಅಯ್ಯಾ, ಹಸು ಹೋದ್ಮೇಲೂ ಇದು ಹೋಗ್ತಿಲ್ಲ."

ಮೂಲೆಯಿಂದ ಅಯ್ಯನೋರ ದನಿ ಬಂತು. "ಯಾರದ್ದು ಅಂತ ನೋಡ್ದೇನೋ?"

ಸ್ಕ್ರೀನಿನ ತುದೀಲಿ ಸಣ್ಣ ಅಕ್ಷರದಲ್ಲಿ ಹೆಸರಿತ್ತು. ಮೂರು ದಿನ ಅವನು ಅದನ್ನ ಓದಿರಲೇ ಇಲ್ಲ. ಗೌರಿ ಅಂತಿತ್ತು.

ಗೌರಿ ಅನ್ನೋ ಹಸು ಕಾರ್ತೀಕದಲ್ಲೇ ಸತ್ತಿತ್ತು. ಹೊಳೆ ದಂಡೇಲಿ ಗುಂಡಿ ತೋಡಿ, ಉಪ್ಪು ಸುರಿದು ಹೂತಿದ್ದು ಇದೇ ಪಾಲಾಕ್ಷ. ಊಟದ ಗಂಟೆಗೆ ಮುಂಚೆ ಓದೋಕೆ ತೆಗೆದಿದ್ದ ಕೊನೇ ಚಿತ್ರ ಅವಳದ್ದು. ಅದನ್ನ ಮುಚ್ಚದೆ ಬರೀ ಮುಚ್ಚಳ ಮುಚ್ಚಿದ್ದ; ಅದು ಇರೋವರೆಗೂ ಹೊಸ ಚಿತ್ರ ಬರಲ್ಲ. ಮೂರು ದಿನ ಅವನ ಕೈ ಬದುಕಿದ್ದ ಹಸುವಿನೊಳಗೆ, ಕಣ್ಣು ಆ ಗುಂಡಿಯೊಳಗೆ.

ಹೊರಗೆ ಲಾರಿ ಸ್ಟಾರ್ಟ್ ಆಯ್ತು.

ಪಾಲಾಕ್ಷ ಓಡಿ ಹೋಗಿ ಲಾರಿಗೆ ಅಡ್ಡ ನಿಂತ. ಕೊಟ್ರಯ್ಯ ಬಾಯಿಗೆ ಬಂದಂಗೆ ಬೈದ. ನಿನ್ನ ನಾಲಿಗೆಗಿಂತ ಹಸುವಿನ ಬಾಲವೇ ಕಡಿಮೆ ಅಲ್ಲಾಡುತ್ತೆ ಅಂದ. ಬೈಸ್ಕೊಂಡೇ ಪಾಲಾಕ್ಷ ಚಂದ್ರಿನ ಇಳಿಸಿಕೊಂಡು ಬಂದ.

ಹಳೇ ಚಿತ್ರ ಮುಚ್ಚಿ, ಮತ್ತೆ ಕೈ ಹಾಕಿದ. ಈ ಸಲ ಚಿತ್ರ ತೂಗ್ತಿತ್ತು. ಚಂದ್ರಿ ಉಸಿರು ಎಳೆದಾಗ ಹತ್ರ ಬರೋದು, ಬಿಟ್ಟಾಗ ದೂರ ಹೋಗೋದು. ನಡುವೆ ಹಣ್ಣು ದ್ರಾಕ್ಷಿ ಗಾತ್ರದ ಕಪ್ಪು ಗುಳ್ಳೆ, ಇವನನ್ನೇ ನೋಡ್ತಿರೋ ಹಂಗೆ.

ಗೊಡ್ಡಲ್ಲ ಅಂತ ಕೊಟ್ರಯ್ಯನಿಗೆ ಕೂಗಿ ಹೇಳಿದ. ಲಾರಿ ಖಾಲಿ ಹೋಯ್ತು.

ಆಮೇಲೆ ಗುರುಗಳ ಹತ್ರ ಕೂತು, ನಾನು ತಿರುಗಿ ನೋಡದೇ ಇದ್ದಿದ್ರೆ ನೀವು ಲಾರಿ ನಿಲ್ಲಿಸ್ತಿದ್ರಾ ಅಂತ ಕೇಳಿದ. ಅಯ್ಯನೋರು ಹೊಳೆ ಕಡೆ ನೋಡ್ತಾ ಕೂತಿದ್ರು.

ಮಾರನೇ ಬೆಳಿಗ್ಗೆ ಅವರು ಕೊಟ್ಟಿಗೆಗೆ ಬಂದಾಗ ಪಾಲಾಕ್ಷ ಚಂದ್ರಿಯ ಮೂಗಿನ ಮುಂದೆ ಅಂಗೈ ಹಿಡಿದು ನಿಂತಿದ್ದ.

"ಏನೋ ಅದು?"

"ಉಸಿರಾಡ್ತಿದಾಳಾ ಅಂತ ಮೊದ್ಲು ನೋಡ್ತಿದೀನಿ ಅಯ್ಯಾ. ಆಮೇಲೆ ಕೈ ಹಾಕ್ತೀನಿ."

"ಉಸಿರಾಡ್ತಿದಾಳಾ?"

"ಹ್ಞೂ."

ಅಯ್ಯನೋರು ಬಾಗಿಲಿಗೆ ಗೋಣಿ ಇಳಿಬಿಟ್ರು. ಕೊಟ್ಟಿಗೆ ಕತ್ತಲಾಯ್ತು.

"ಅವಳದ್ದು ಸರಿ," ಅಂದ್ರು. "ನಿಂದು ನೋಡ್ಕೊಂಡ್ಯಾ?"