ದಡದಲ್ಲೇ ಉಳಿದ ಕೊಡತಿಗಳು

ಮಕ್ಕಳೇ, ಭೂಮಿಯ ಉತ್ತರದ ತುದಿಯಲ್ಲಿ, ಬೇಸಿಗೆಯಲ್ಲೂ ಹಿಮಗಡ್ಡೆಗಳು ತೇಲುವ ಕಡಲೊಂದಿದೆ. ಅಲ್ಲಿನ ದ್ವೀಪವೊಂದರಲ್ಲಿ ಬಿಳಿ ಮೊಲಗಳು ವಾಸವಾಗಿದ್ದವು. ಒಂದು ವರ್ಷ ದ್ವೀಪದ ಹುಲ್ಲೆಲ್ಲ ಹಿಮದಡಿ ಹೂತುಹೋಯಿತು. ಬದುಕಬೇಕಾದರೆ ಅವು ಎದುರು ದಡ ಸೇರಲೇಬೇಕಾಗಿತ್ತು. ದಾಟಿಸಲು ಇದ್ದದ್ದು ಒಂದೇ ದೋಣಿ. ಅದನ್ನು ನಡೆಸುವ ತಾಂಡೇಲನೇ ದೊಡ್ಡಕೋರೆ ಎಂಬ ಕಡಲಪ್ರಾಣಿ, ವಾಲ್ರಸ್. ಬಂಡೆಯಂಥ ಮೈ, ಮೊಳದುದ್ದದ ಎರಡು ಕೋರೆಹಲ್ಲು.

ಮೊಲಗಳ ಹಿರಿಯಳಾದ ತುಪ್ಪಳಮ್ಮ ತನ್ನ ನಾಲ್ಕು ಮರಿಗಳು ಮತ್ತು ಉಳಿದ ಮೊಲಗಳೊಡನೆ ದೋಣಿ ಹತ್ತಿ, ಸುತ್ತ ನೋಡಿದಳು.

"ತಾಂಡೇಲರೇ, ಕೊಡತಿಗಳೆಲ್ಲಿ?"

ಆ ಕಡಲಿನಲ್ಲಿ ಅಲೆಯ ಸಿಡಿನೀರು ದೋಣಿಗೆ ತಾಕಿದೊಡನೆ ಹೆಪ್ಪುಗಟ್ಟುತ್ತದೆ. ಮರದ ಕೊಡತಿಯಿಂದ ಅದನ್ನು ಆಗಾಗ ಬಡಿದು ಉದುರಿಸದಿದ್ದರೆ, ಮೇಲ್ಭಾಗ ಭಾರವಾಗಿ ದೋಣಿ ಮಗುಚುತ್ತದೆ.

"ಈ ದಡದಲ್ಲೇ ಬಿಟ್ಟೆ. ಆ ಟಕಟಕ ಸದ್ದಿಗೆ ನನಗೆ ನಿದ್ದೆ ಹತ್ತುವುದಿಲ್ಲ, ಯಾರೂ ಅವನ್ನು ದೋಣಿಗೆ ತರಕೂಡದು," ಎಂದ ದೊಡ್ಡಕೋರೆ.

"ದೋಣಿ ಮಗುಚಿದರೆ?"

"ಈಜಿದರಾಯಿತು! ನಾನೆಷ್ಟು ಸಲ ಈಜಿಲ್ಲ?"

"ನಿಮ್ಮ ಮೈಯಲ್ಲಿ ಗೇಣುದ್ದದ ಕೊಬ್ಬಿದೆ. ನನ್ನ ಮರಿಗಳು ಈ ನೀರಿನಲ್ಲಿ ಎಷ್ಟು ಹೊತ್ತು ಉಳಿದಾವು?"

"ನಿನ್ನದು ಅತಿಯಾಯಿತು ಕಣಮ್ಮ. ಬೇಡವಾದರೆ ಇಳಿ!"

ಇಳಿದರೆ ಹಸಿವಿನಿಂದ ಸಾಯುವವರಿಗೆ 'ಇಳಿ' ಎನ್ನುವುದು ಎಂಥ ಕಟುಕತನದ ಮಾತು! ತುಪ್ಪಳಮ್ಮ ಮರಿಗಳನ್ನು ಅವಚಿಕೊಂಡು ಕುಳಿತಳು.

ನಡುಗಡಲಿನಲ್ಲಿ ಗಾಳಿ ಎದ್ದಿತು. ಹಗ್ಗ, ಕಂಬ, ಛಾವಣಿಗಳೆಲ್ಲ ಹಿಮದ ಪದರು ಹೊದ್ದವು.

"ಆಹಾ! ನನ್ನ ದೋಣಿ ಗಾಜಿನ ಅರಮನೆಯಾಯಿತು!" ಎಂದು ಛಾವಣಿಯ ಮೇಲೆ ಮಲಗಿದ್ದ ದೊಡ್ಡಕೋರೆ ಬೀಗಿದ.

"ತಾಂಡೇಲರೇ, ದೋಣಿ ಒಮ್ಮೆ ವಾಲಿದರೆ ಏಳುವುದಕ್ಕೆ ತಡಮಾಡುತ್ತಿದೆ!"

"ಸುಮ್ಮನೆ ಕೂರಮ್ಮ."

ಮುಂದಿನ ಅಲೆಗೆ ದೋಣಿ ವಾಲಿತು. ಮತ್ತೆ ಏಳಲಿಲ್ಲ. ಆಗ ಆ ತಾಂಡೇಲ ಮಾಡಿದ್ದೇನು ಗೊತ್ತೇ? "ಎಲ್ಲರೂ ಈಜಿ ಬನ್ನಿ!" ಎಂದು ಕೂಗಿ, ಎಲ್ಲರಿಗಿಂತ ಮೊದಲು ತಾನೇ ಹಾರಿಕೊಂಡ!

ಅವನ ಭಾರ ಇಳಿದದ್ದೇ ದೋಣಿ ಅರ್ಧ ಎದ್ದಿತು.

"ಛಾವಣಿ ಹತ್ತಿ! ಹಿಂಗಾಲಿನಿಂದ ಒದೆಯಿರಿ!" ಎಂದು ತುಪ್ಪಳಮ್ಮ ಚೀರಿದಳು. ಮೊಲಗಳು ಧಡಧಡನೆ ಒದ್ದವು. ಪಾದ ಒಡೆದು ರಕ್ತ ಬಂದರೂ ಒದ್ದವು. ಹಿಮದ ಹಲಗೆಗಳು ಕಳಚಿ ಕಡಲಿಗೆ ಬಿದ್ದವು. ದೋಣಿ ನೆಟ್ಟಗಾಯಿತು. ತುಪ್ಪಳಮ್ಮ ಚುಕ್ಕಾಣಿಗೆ ಜೋತುಬಿದ್ದು ಅದನ್ನು ದಡ ಮುಟ್ಟಿಸಿದಳು.

ದಡದಲ್ಲಿ ದೊಡ್ಡಕೋರೆ ಆಗಲೇ ಬಿಸಿಲು ಕಾಯುತ್ತಿದ್ದ.

"ನೋಡಿದೆಯಾ? ಏನೂ ಆಗಲಿಲ್ಲ!"

"ಆಗಲಿಲ್ಲವೇ?" ತುಪ್ಪಳಮ್ಮ ಮರಿಗಳನ್ನು ಮುಂದೆ ನಿಲ್ಲಿಸಿದಳು. "ಆಗದಂತೆ ನಾವು ತಡೆದೆವು! ನನ್ನ ಮರಿಗಳ ಪಾದ ನೋಡು, ದೊಡ್ಡಕೋರೆ! ನಿನ್ನ ನಿದ್ದೆಗೆ ಇವರು ತೆತ್ತ ಬೆಲೆ ನೋಡು!"

ಮರುಪಯಣಕ್ಕೆ ಕಾದಿದ್ದ ಪ್ರಾಣಿಗಳೆಲ್ಲ ಆ ಪಾದಗಳನ್ನು ಕಂಡವು. ಒಂದೂ ದೋಣಿ ಹತ್ತಲಿಲ್ಲ.

"ಕೊಡತಿಗಳು ಬರಲಿ. ಅವನ್ನು ಎಣಿಸಿ, ದೋಣಿ ಹೊರಡಬಹುದೆಂದು ಹೇಳುವುದು ಇನ್ನು ಈಜು ಬಾರದವರ ಕೆಲಸ," ಎಂದಳು ತುಪ್ಪಳಮ್ಮ.

"ಕೊಡತಿಗಳು ಆಚೆ ದಡದಲ್ಲಿವೆಯಲ್ಲ!"

"ನಿನಗೆ ಈಜು ಬರುತ್ತದಲ್ಲ, ಹೋಗು."

ದೊಡ್ಡಕೋರೆ ಸುತ್ತ ನೋಡಿದ. ಪ್ರಾಣಿಗಳೆಲ್ಲ ದೋಣಿಯಿಂದ ದೂರವೇ ನಿಂತಿದ್ದವು. ಅವನು ತಲೆ ತಗ್ಗಿಸಿ ನೀರಿಗಿಳಿದ.

ನೀತಿ: ಇತರರ ಪ್ರಾಣ ಹೊತ್ತು ಹೊರಡುವವನು ಅವರಲ್ಲಿ ಅತಿ ದುರ್ಬಲನಿಗೆ ಬೇಕಾದ ರಕ್ಷಣೆಯನ್ನು ಮೊದಲು ಸಿದ್ಧಪಡಿಸಬೇಕು.