ಆರನೆಯ ಬಿಲದ ಹೆಗ್ಗಣ

ಬೆಂಕಿಗೆ ಸುಟ್ಟು ಕರಕಲಾದ ಒಂದು ಕಾಡಿನಲ್ಲಿ ಕಾಳು ಕೂಡಿಡುವಷ್ಟು ದೊಡ್ಡ ಬಿಲಗಳು ಆರು ಮಾತ್ರ ಉಳಿದಿದ್ದವು. ಬದುಕುಳಿದ ಪ್ರಾಣಿಗಳು ಸಿಕ್ಕಷ್ಟು ಕಾಳು, ಗೆಡ್ಡೆ, ಒಣಹುಲ್ಲನ್ನು ಆ ಆರರಲ್ಲೂ ಹಂಚಿ ಇಟ್ಟವು. ಒಂದು ಬಿಲ ಹಾಳಾದರೂ ಉಳಿದ ಐದರಿಂದ ಎಲ್ಲರ ಹೊಟ್ಟೆ ತುಂಬುವಂತೆ ಮೊದಲೇ ಯೋಚಿಸಿದ್ದವು. ಪ್ರತಿ ಬಿಲಕ್ಕೂ ಒಬ್ಬ ಕಾವಲುಗಾರನಿದ್ದ. ಊಟದಲ್ಲಿ ಮೊದಲ ತುತ್ತು ಕಾವಲುಗಾರರದು.

ಪ್ರತಿ ಸಂಜೆ ಆರು ಪಾಲುಗಳೂ ಬಯಲಿನ ಬಂಡೆಯ ಮೇಲೆ ಬಂದು ಸೇರಬೇಕು. ಅಲ್ಲಿಯವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ಕಚ್ಚಾಟ ಬೇಡವೆಂದು ಹಿರಿಯ ಕಡವೆ ಮಾಡಿದ ನಿಯಮ ಅದು. ಉಂಡ ಮೇಲೆ ಸೂರ್ಯ ಮುಳುಗುವುದರೊಳಗೆ ಎಲ್ಲರೂ ಬಯಲು ಬಿಡಬೇಕಿತ್ತು. ಮುಳುಗಿದ ಮೇಲೆ ಅಲ್ಲಿಗೆ ತೋಳಗಳು ಬರುತ್ತಿದ್ದವು.

ಆರನೆಯ ಬಿಲ ಹೆಗ್ಗಣದ್ದು. ಅದರೊಳಗೆ ನೀರು ಜಿನುಗಿ ಕಾಳು ಕೊಳೆಯತೊಡಗಿತು. ಹೇಳಿದರೆ ಮೊದಲ ತುತ್ತು ತಪ್ಪುತ್ತದೆಂದು ಹೆಗ್ಗಣ ಬಾಯಿ ಬಿಡಲಿಲ್ಲ. ದಿನವೂ ಒಳ್ಳೆಯ ಕಾಳನ್ನು ಒಂದೊಂದಾಗಿ ಆರಿಸಿಕೊಂಡು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು.

"ಆರನೆಯ ಪಾಲು ಬಂತೇ?" ಎಂದು ಕಡವೆ ಕೇಳುತ್ತಿತ್ತು.

"ಬಂತು, ಯಜಮಾನರೇ."

"ಸರಿ." ಎಷ್ಟು ಹೊತ್ತಿಗೆ ಬಂತೆಂದು ಅದು ಎಂದೂ ಕೇಳಲಿಲ್ಲ.

ಮೂರು ಮರಿಗಳ ತಾಯಿಯಾದ ಮೊಲ ಒಮ್ಮೆ ಎದ್ದು ನಿಂತಿತು. "ಹೆಗ್ಗಣಣ್ಣ, ದಿನವೂ ನಿನ್ನಿಂದಲೇ ತಡ. ನಮ್ಮ ಮನೆ ದೂರ."

"ನಿನಗೆ ಹೊಟ್ಟೆಬಾಕತನ, ಮೊಲಮ್ಮ! ತಂದಿಲ್ಲವೇ ನಾನು? ಒಂದು ದಿನವಾದರೂ ತಪ್ಪಿಸಿದ್ದೇನೆಯೇ?"

ಎಲ್ಲರೂ ನಕ್ಕರು. ಅಂದು ಊಟ ಮುಗಿಯುವಾಗ ಸೂರ್ಯ ಮುಳುಗಿದ್ದ. ಮನೆಯ ದಾರಿಯಲ್ಲಿ ತೋಳವೊಂದು ಮೊಲದ ಕಿರಿಯ ಮರಿಯನ್ನು ಕಚ್ಚಿಕೊಂಡು ಹೋಯಿತು.

ಮರುದಿನ ಮೊಲ ಅಳಲಿಲ್ಲ. ಒಂದೊಂದು ಪಾಲು ಬಂದಾಗಲೂ ಬಂಡೆಯ ನೆರಳು ಎಲ್ಲಿಗೆ ಮುಟ್ಟಿತ್ತೋ ಅಲ್ಲಿ ಗೆರೆ ಎಳೆಯಿತು. ಐದು ಗೆರೆಗಳು ಒತ್ತೊತ್ತಾಗಿ ಬಿದ್ದವು. ಆರನೆಯದು ಮೂರು ಮಾರು ದೂರ ಬಿತ್ತು. ಹೀಗೆ ಏಳು ದಿನ ನಡೆಯಿತು.

ಹೆಗ್ಗಣಕ್ಕೆ ವಿಷಯ ತಿಳಿಯಿತು. ನಾಲ್ಕನೆಯ ದಿನ ಅದು ದಾರಿಗೆಲ್ಲ ಮುಳ್ಳು ಹರಡಿತು. ಆರು ಪಾಲುಗಳೂ ತಡವಾದವು; ಆದರೂ ಆರನೆಯದೇ ಎಲ್ಲಕ್ಕಿಂತ ಹಿಂದೆ ಬಿತ್ತು.

ಏಳನೆಯ ದಿನ ಮೊಲ ಕಡವೆಗೆ ಗೆರೆಗಳನ್ನು ತೋರಿಸಿತು.

"ನಾಲ್ಕನೆಯ ದಿನದ್ದನ್ನು ನೋಡಿ, ಯಜಮಾನರೇ!" ಎಂದು ಹೆಗ್ಗಣ ಕೂಗಿತು. "ಎಲ್ಲರೂ ತಡ. ನನ್ನೊಬ್ಬನ ಮೇಲೆ ಏಕೆ ದೂರು?"

ಮೊಲ ಹೇಳಿತು: "ಎಲ್ಲರೂ ಒಂದು ದಿನ ತಡವಾದರೆ ದೋಷ ದಾರಿಯದು. ಒಬ್ಬನೇ ಏಳು ದಿನವೂ ಹಿಂದೆ ಬಿದ್ದರೆ ದೋಷ ಅವನದು. ಅವನ ಬಿಲ ಅಗೆಸಿ ನೋಡಿ."

ಅಗೆದರು. ಕೊಳೆತ ನಾತಕ್ಕೆ ಎಲ್ಲರೂ ಹಿಂದೆ ಸರಿದರು.

"ಮೊದಲೇ ಹೇಳಿದ್ದರೆ ಬೇರೆ ಬಿಲ ತೋಡಿಕೊಡುತ್ತಿದ್ದೆವಲ್ಲ," ಎಂದಿತು ಕಡವೆ. ಬಳಿಕ ತಲೆ ತಗ್ಗಿಸಿತು. "ತಪ್ಪು ನನ್ನದೂ ಇದೆ. ಇಂದಿನಿಂದ ಆರನೆಯ ಪಾಲಿಗೆ ಕಾಯುವುದು ಬೇಡ. ಇದರಲ್ಲಿ ಉಳಿದ ಒಳ್ಳೆಯ ಕಾಳನ್ನು ಐದು ಬಿಲಗಳಿಗೂ ಹಂಚಿ. ಹೆಗ್ಗಣ ಎಲ್ಲರ ಜೊತೆ ಕುಳಿತು ಉಣ್ಣಲಿ."

ಎಲ್ಲರ ಜೊತೆ ಕೂರಲು ಹೆಗ್ಗಣದ ಜಂಭ ಒಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ಬಂದು ಅಳಿದುಳಿದದ್ದನ್ನು ತಿನ್ನತೊಡಗಿತು. ಮೂರನೆಯ ಸಂಜೆ ತೋಳಗಳು ಅದನ್ನು ಬಂಡೆಯ ಮೇಲೆಯೇ ಮುಗಿಸಿದವು.

ಆ ಹೊತ್ತಿಗೆ ಮೊಲ ಮನೆ ಸೇರಿ, ಎರಡು ಮರಿಗಳನ್ನು ಒಳಗೆ ಬಿಟ್ಟು, ಬಾಗಿಲಿಗೆ ಮಣ್ಣು ಮುಚ್ಚುತ್ತಿತ್ತು.

ನೀತಿ: ಕಾಡಿನ ಬಿಲವಾಗಲಿ, ಕಂಪ್ಯೂಟರಿನ ಉಗ್ರಾಣದಲ್ಲಿ ಮಾಹಿತಿಯನ್ನು ಹಂಚಿಕೊಂಡು ಸಾಲಾಗಿ ಕುಳಿತ ಡಿಸ್ಕ್ ಆಗಲಿ, ಕೆಲಸ ಆಯಿತೇ ಎಂದಷ್ಟೇ ಕೇಳಬಾರದು. ಎಷ್ಟು ಹೊತ್ತಾಯಿತೆಂದು ಜೊತೆಯವರೊಂದಿಗೆ ಹೋಲಿಸಿ ಅಳೆಯಬೇಕು. ಪೂರ್ತಿ ಕೆಟ್ಟದ್ದು ತಾನಾಗಿಯೇ ಗೊತ್ತಾಗುತ್ತದೆ. ಕುಂಟುತ್ತಿರುವುದನ್ನು ಹುಡುಕಿ ಬೇಗನೆ ಬೇರ್ಪಡಿಸದಿದ್ದರೆ ಅದು ಎಲ್ಲರನ್ನೂ ಕೆಡಿಸುತ್ತದೆ.