ಹೆಬ್ಬಾಗಿಲ ಮಾತು

ತಾನು ಓದಿದ, ನದಿಯ ದಡದ ಗುರುಕುಲಕ್ಕೆ ಕೇತಯ್ಯ ಆರು ವರ್ಷಗಳ ಮೇಲೆ ಬಂದ. ಗುರುಗಳು ಗೋಡೆಯ ಮರೆಯ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು.

"ಶಾಲು ಚೆನ್ನಾಗಿದೆ," ಎಂದರು. "ಈ ಸೆಖೆಯಲ್ಲೂ ಹೊದೆಯಬೇಕೇ?"

"ಒಡೆಯರ ಅಪ್ಪಣೆ. ಅರಮನೆಯ ಬಾಗಿಲು ಕಾಯುವವನು ಶಾಲು ತೆಗೆಯುವಂತಿಲ್ಲ."

ಕೇತಯ್ಯ ತಲೆಯೆತ್ತದೆ ಬಂದ ಕಾರಣ ತಿಳಿಸಿದ. ಅವನ ಒಡೆಯರಾದ ಪಾಳೆಯಗಾರರು ಬಾಗಿಲು ಕಾಯುವ ಕೆಲಸವನ್ನು ಅವನಿಗೆ ಜೀವಮಾನಕ್ಕೆಲ್ಲ ವಹಿಸಲಿದ್ದರು. ನಾಳೆ ಉತ್ತರ ಹೇಳಬೇಕು. ಇರಲು ಹಂಚಿನ ಮನೆಯಿತ್ತು, ಹೊತ್ತಿಗೆ ಸರಿಯಾಗಿ ಊಟ, ಊರಿನವರ ನಮಸ್ಕಾರ. ಒಡೆಯರು ಒಮ್ಮೆಯೂ ಗದರಿದವರಲ್ಲ. ತೊಡಕು ಒಂದೇ. ಅವರು ಪಗಡೆಯಾಡುವಾಗ ಯಾರೇ ಬರಲಿ, ಪೂಜೆಗೆ ಕುಳಿತಿದ್ದಾರೆಂದು ಹೇಳಿ ಕಳಿಸಬೇಕು.

ಕುಂಬಾರ ಬೊಮ್ಮಣ್ಣ ಕಾಯಿಲೆಯ ತಾಯಿಗಾಗಿ ಅರಮನೆಯ ವೈದ್ಯರನ್ನು ಬೇಡಿ ನಾಲ್ಕು ಸಲ ಬಂದಿದ್ದ. ನಾಲ್ಕು ಸಲವೂ ಅದೇ ಉತ್ತರ. ಐದನೆಯ ಸಲ ತಲೆ ಬೋಳಿಸಿಕೊಂಡು ಬಂದ.

"ಒಡೆಯರು ನಿಧಾನವಾಗಿ ಪೂಜೆ ಮುಗಿಸಲಿ ಎಂದು ಹೇಳಿ ಹೋದ, ಗುರುಗಳೇ."

ಗುರುಗಳು ಒಂದು ದಂಟು ಮುರಿದರು. "ನೀನೇನೆಂದೆ?"

"ನಾನೇನೆನ್ನಲಿ? ಅಲ್ಲಿ ಮಾತೆಲ್ಲ ಒಡೆಯರದು. ನಾಲಿಗೆ ಮಾತ್ರ ನನ್ನದು."

ಗುರುಗಳು ಮತ್ತೊಂದು ದಂಟು ಎತ್ತಿಕೊಂಡರು.

ಅಷ್ಟರಲ್ಲಿ ದೋಣಿಯಿಂದಿಳಿದ ಮುದುಕಿಯೊಬ್ಬಳು ಬೇಲಿಯ ಬಳಿ ಬಂದು ನಿಂತಳು. ಅವಳಿಗೆ ಕೇತಯ್ಯನೊಬ್ಬನೇ ಕಾಣುತ್ತಿದ್ದ.

"ಗುರುಗಳು ಇದ್ದಾರೇನಪ್ಪ? ಒಂದು ಮಾತು ಕೇಳಬೇಕಿತ್ತು."

ಕೇತಯ್ಯ ಎದ್ದ. ಶಾಲು ಸರಿಪಡಿಸಿಕೊಂಡು ಕೈ ಮುಗಿದ.

"ಪೂಜೆಗೆ ಕುಳಿತಿದ್ದಾರೆ, ತಾಯಿ. ನಾಳೆ ಬನ್ನಿ," ಎಂದ, ಬಹಳ ಮೃದುವಾಗಿ.

ಮುದುಕಿ ಹಿಂದಿರುಗಿದಳು. ಅವಳ ದೋಣಿ ದಡ ಬಿಟ್ಟ ಮೇಲೆ ಅವನು ಕುಳಿತುಕೊಳ್ಳಲೆಂದು ತಿರುಗಿದ. ಸೊಪ್ಪಿನ ಮೇಲೆ ಗುರುಗಳ ಕೈ ನಿಂತಿತ್ತು.

ಆಗ ಅವನಿಗೆ ತನ್ನ ದನಿ ಕೇಳಿಸಿತು.

ಶಾಲು ಜಾರಿ ಬಿದ್ದರೂ ನೋಡದೆ ದಡಕ್ಕೆ ಓಡಿದ. ದೋಣಿ ನಡುಹೊಳೆ ದಾಟಿತ್ತು. ಕೂಗಿದ. ಯಾರೂ ತಿರುಗಲಿಲ್ಲ.

ಮರಳಿ ಬಂದು ಜಗಲಿಯ ಕೆಳಗೆ, ನೆಲದ ಮೇಲೆ ಕುಳಿತ.

"ಗುರುಗಳೇ, ಆ ಒಡೆಯರನ್ನು ಬಿಟ್ಟುಬಿಡಲೇ?"

ಗುರುಗಳು ಬಿದ್ದಿದ್ದ ಶಾಲನ್ನು ಎತ್ತಿ, ಮಣ್ಣು ಕೊಡವಿ, ಮಡಿಸಿ ಅವನ ಮುಂದಿಟ್ಟರು.

"ಆ ತಾಯಿಯನ್ನು ಕಳಿಸಿದ ಮಾತು ಯಾವ ಒಡೆಯರದು, ಕೇತಯ್ಯ?"